ಎದೆಯೊಳಗಿನ ಪೀಪಿ

“ಅತ್ತೇ, ನಾನು ಸುಳ್ಳು ಹೇಳ್ತಿಲ್ಲ... ಮಗು ಉಸಿರು ಬಿಟ್ಟಾಗೆಲ್ಲ ಒಳಗಿಂದ ಪೀ ಅನ್ನುತ್ತೆ! ನೀವೇ ಕಿವಿ ಇಟ್ಟು ನೋಡಿ!”

ಸೊಸೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಯ ಮುಂದೆ ಹಿಡಿದಿದ್ದಳು. ಮಗ ವ್ಯಾನಿನ ಬೀಗದಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊಸಿಲ ಮೇಲೆ ನಿಂತಿದ್ದ, ಒಳಗೂ ಇಲ್ಲ, ಹೊರಗೂ ಇಲ್ಲ. ಪಕ್ಕದ ಮನೆಯ ಇಸ್ತ್ರಿಯವಳು ತನ್ನ ಕೆಲಸ ಬಿಟ್ಟು ಕಿಟಕಿಯೊಳಗೆ ಕತ್ತು ತೂರಿಸಿದ್ದಳು. ಎಲ್ಲರೂ ಕಾಯುತ್ತಿದ್ದುದು ಒಂದೇ ಮಾತಿಗೆ. ಕಿವಿಯಮ್ಮ ಏನನ್ನುತ್ತಾಳೆ?

ಕಿವಿಯಮ್ಮ ಕನ್ನಡಕ ತೆಗೆದಿಟ್ಟಳು. ಸೆರಗು ಸರಿಮಾಡಿಕೊಂಡು, ಮೊಮ್ಮಗಳು ಪುಟ್ಟಿಯ ಎದೆಗೆ ಕಿವಿ ಒತ್ತಿದಳು. ಕಣ್ಣು ಮುಚ್ಚಿದಳು. ಎಳೆಯ ಎದೆ ಅವಳ ಕೆನ್ನೆಯ ಕೆಳಗೆ ಏರಿತು, ಇಳಿಯಿತು. ಸದ್ದಿಲ್ಲ... ಏನೋ ಒಂದು ಸಣ್ಣ ನಡುಕ ಕೆನ್ನೆಗೆ ತಾಗಿದಂತಾಯಿತು. ತಾಗಿತೋ, ತನ್ನ ಕೆನ್ನೆಯೇ ನಡುಗಿತೋ ಅವಳಿಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಈ ಸಲ ಆ ನಡುಕವೂ ಇಲ್ಲ! ಕಣ್ಣು ಬಿಟ್ಟು ನೋಡಿದರೆ ಮೂರು ಮುಖಗಳು ತನ್ನ ಬಾಯನ್ನೇ ನೋಡುತ್ತಿವೆ.

“ಏನೂ ಇಲ್ಲ. ಶೀತ ಆಗಿದೆ ಅಷ್ಟೆ” ಎಂದಳು.

ಮಗ ಉಸ್ಸೆಂದು ಉಸಿರುಬಿಟ್ಟ. “ನೋಡು, ಅಮ್ಮನಿಗೇ ಕೇಳಿಸ್ಲಿಲ್ಲ ಅಂದ್ಮೇಲೆ ಮುಗೀತು. ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ ತರ್ತೀನಿ.” ಇಸ್ತ್ರಿಯವಳ ತಲೆ ಕಿಟಕಿಯಿಂದ ಮಾಯವಾಯಿತು. ಸೊಸೆ ಮಾತ್ರ ನಿಂತಲ್ಲೇ ನಿಂತಿದ್ದಳು.

ಕಿವಿಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟಿದ್ದು. ಮೂರು ಮನೆಯಾಚೆ ನಲ್ಲಿ ತೊಟ್ಟಿಕ್ಕಿದರೆ ಇಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಯಾವ ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡಿದರೂ ಬೆಳಗ್ಗೆ ಅವಳಿಗೆ ಇಬ್ಬರ ವಾದವೂ ಗೊತ್ತಿರುತ್ತಿತ್ತು. ಆ ಕಿವಿಯೇ ಗಂಡ ಸತ್ತ ಮೇಲೆ ಅವಳಿಗೆ ಅನ್ನ ಕೊಟ್ಟಿತು. ಬಟ್ಟೆಯ ಬೊಂಬೆಗಳನ್ನು ಹೊಲಿಯುವ ಮನೆ ಅದು. ಬಾತುಕೋಳಿ, ಕರಡಿ, ಮೊಲ, ಯಾವುದರ ಹೊಟ್ಟೆ ಒತ್ತಿದರೂ ಪೀ ಎನ್ನಬೇಕು. ಹೊಟ್ಟೆಯೊಳಗೆ ಒಂದು ಮೆತ್ತನೆಯ ಗುಳ್ಳೆ, ಗುಳ್ಳೆಯ ಬಾಯಿಗೆ ಕಡಲೆಕಾಳಿನಷ್ಟು ಗಾತ್ರದ ಒಂದು ಪ್ಲಾಸ್ಟಿಕ್ ತುಣುಕು. ಆ ತುಣುಕಿಗೆ ಅವರು ಪೀಪಿ ಎನ್ನುತ್ತಿದ್ದರು. ಸೊಸೆ ಕತ್ತರಿಸಿ ಹೊಲಿಯುತ್ತಾಳೆ, ಮಗ ವ್ಯಾನಿನಲ್ಲಿ ಅಂಗಡಿಗೆ ಒಯ್ಯುತ್ತಾನೆ. ನಡುವೆ ಕಿಟಕಿ ಪಕ್ಕದ ಚಾಪೆಯಲ್ಲಿ ಕಿವಿಯಮ್ಮ. ಒಂದೊಂದೇ ಬೊಂಬೆಯನ್ನು ಕಿವಿಯ ಬಳಿ ಹಿಡಿದು ಒತ್ತುತ್ತಾಳೆ. ಸರಿಯಿದ್ದರೆ ಬಲಗಡೆಯ ಬುಟ್ಟಿಗೆ, ಇಲ್ಲದಿದ್ದರೆ ಸೊಸೆಯ ಮಡಿಲಿಗೆ! “ಆಯಮ್ಮನ ಕಿವಿ ದಾಟಿ ಬಂದಿದೆ ಅಂದ್ಮೇಲೆ ನಾನ್ಯಾಕೆ ಒತ್ತಿ ನೋಡ್ಲಿ” ಎನ್ನುತ್ತಿದ್ದ ಅಂಗಡಿಯ ಯಜಮಾನ. ಆ ಮಾತನ್ನು ಮಗ ಮನೆಗೆ ಬಂದು ಹೇಳಿದಾಗಲೆಲ್ಲ ಕಿವಿಯಮ್ಮ ಏನೂ ಆಗದವಳಂತೆ ಚಾಪೆ ಕೊಡವುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು.

ಆದರೆ ಆ ಕಿವಿ ಕೈಕೊಟ್ಟು ವರ್ಷದ ಹತ್ತಿರವಾಗಿತ್ತು. ಪೂರ್ತಿ ಅಲ್ಲ. ಗಂಡಸರ ಮಾತು, ಹತ್ತಿರದಿಂದ ಗಟ್ಟಿಯಾಗಿ ಆಡಿದರೆ ಹೆಂಗಸರ ಮಾತೂ ಕೇಳುತ್ತಿತ್ತು, ವ್ಯಾನಿನ ಗುಡುಗು ಕೇಳುತ್ತಿತ್ತು. ಕೀರಲು ಸದ್ದುಗಳು ಮಾತ್ರ ಹೇಳದೆ ಕೇಳದೆ ಮನೆ ಬಿಟ್ಟುಹೋಗಿದ್ದವು. ಕುಕ್ಕರ್ ಕೂಗುವುದನ್ನೇ ನಿಲ್ಲಿಸಿತೆಂದು ಅವಳು ಅದರ ರಬ್ಬರ್ ಬದಲಿಸಿದ್ದಳು. ಆಮೇಲೆ ಅಂಗಡಿಯವನನ್ನು ಬೈದು ಮತ್ತೊಂದು ರಬ್ಬರ್ ಹಾಕಿಸಿದ್ದಳು. ಒಂದು ದಿನ ಕುಕ್ಕರಿನ ತಲೆಯ ಮೇಲೆ ಹಬೆ ಚಿಮ್ಮುತ್ತಿರುವುದನ್ನೂ, ಸೊಸೆ ಆ ಸದ್ದಿಗೇ ಓಡಿಬಂದು ಒಲೆ ಆರಿಸುವುದನ್ನೂ ಕಂಡಾಗ ಕೆಟ್ಟದ್ದು ಕುಕ್ಕರಲ್ಲ, ತನ್ನ ಕಿವಿ ಎಂದು ಕಿವಿಯಮ್ಮನಿಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ. ಕಿವಿ ಇಲ್ಲದ ಕಿವಿಯಮ್ಮ ಈ ಮನೆಯಲ್ಲಿ ಯಾರು? ಮೂಲೆಯಲ್ಲಿ ಕೂತು ಹೊತ್ತುಹೊತ್ತಿಗೆ ತಟ್ಟೆ ಮುಂದಿಟ್ಟಾಗ ಉಣ್ಣುವ ಒಂದು ಮುದಿಜೀವ!

ಹಾಗಾದರೆ ಅಷ್ಟು ಕಾಲ ಬೊಂಬೆಗಳನ್ನು ಪರೀಕ್ಷೆ ಮಾಡಿದ್ದು ಹೇಗೆ? ಇಲ್ಲೇ ನೋಡಿ ಅವಳ ಚಾಲಾಕಿತನ. ಒಂದೂವರೆ ವರ್ಷದ ಪುಟ್ಟಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಬೊಂಬೆ ಒತ್ತಿದಾಗ ಪುಟ್ಟಿ ಕಿಲಕಿಲ ನಕ್ಕರೆ ಬಲಗಡೆಯ ಬುಟ್ಟಿ. ನಗದಿದ್ದರೆ ಸೊಸೆಯ ಮಡಿಲು. “ಅಜ್ಜಿಗೆ ಮೊಮ್ಮಗಳು ಅಂದ್ರೆ ಪ್ರಾಣ, ಒಂದು ಗಳಿಗೆ ಬಿಟ್ಟಿರಲ್ಲ” ಎಂದು ಬೀದಿಯೆಲ್ಲ ಮೆಚ್ಚಿತು. ಪ್ರಾಣವೇ ಆಗಿದ್ದಳು ನಿಜ. ಆದರೆ ಕಿವಿಯೂ ಆಗಿದ್ದಳು. ಮಗುವಿಗೆ ನಿದ್ದೆ ಬಂದ ದಿನ, ಹಟ ಹಿಡಿದ ದಿನ, ಚೆನ್ನಾಗಿದ್ದ ಬೊಂಬೆಗಳೂ ಫೇಲಾಗುತ್ತಿದ್ದವು. “ಇದೆಂಥ ಹೊಲಿಗೆ ಕಣೇ? ಪೀಪಿಯ ಕತ್ತು ಹಿಸುಕಿಬಿಡ್ತೀಯ! ನಿಮ್ಮಮ್ಮ ಸೂಜಿ ಹಿಡಿಯೋದು ಕಲಿಸ್ಲೇ ಇಲ್ವಾ?” ಎಂದು ಅತ್ತೆ ಮೂದಲಿಸಿದರೆ ತನಗೆ ಪೀ ಎಂದು ಕೇಳಿಸಿದರೂ ಆ ಕಿವಿಗೆ ಎದುರಾಡಲಾರದೆ ಸೊಸೆ ತುಟಿ ಕಚ್ಚಿಕೊಂಡು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಎಷ್ಟೋ ಕರಡಿಗಳ ಹೊಟ್ಟೆಗೆ ಹತ್ತಿಯ ಜೊತೆ ಅವಳ ಕಣ್ಣೀರೂ ಸೇರಿತ್ತು.

ಈ ಗೊಂದಲ ಶುರುವಾದದ್ದು ಒಂದು ವಾರದ ಹಿಂದೆ. ಪುಟ್ಟಿಗೆ ಹಲ್ಲು ಬರುತ್ತಿತ್ತು, ಮುಖ ಗಂಟುಹಾಕಿಕೊಂಡು ಕೂತಿದ್ದಳು. ಕಿವಿಯಮ್ಮ ಒಂದು ಹಳದಿ ಬಾತುಕೋಳಿಯನ್ನು ಎಷ್ಟು ಒತ್ತಿದರೂ ಮಗು ನಗಲಿಲ್ಲ. ಸೊಸೆಯನ್ನು ಕರೆಯಲೂ ಬೇಸರವಾಗಿ ತಾನೇ ಹೊಟ್ಟೆ ಬಿಚ್ಚಿ, ಗುಳ್ಳೆಯಿಂದ ಪೀಪಿಯನ್ನು ಕಿತ್ತು ಚಾಪೆಯ ಮೇಲಿಟ್ಟಳು. ಹೊಸ ಪೀಪಿ ತೆಗೆಯಲು ಕಿಟಕಿಯ ಕಟ್ಟೆಯ ಮೇಲಿದ್ದ ಡಬ್ಬಿಗೆ ಕೈಚಾಚಿದಳು. ಡಬ್ಬಿ ಜಾರಿ ಒಂದಷ್ಟು ಪೀಪಿಗಳು ಚಾಪೆಯ ಮೇಲೆ ಚೆಲ್ಲಿದವು. ತಿರುಗುವಷ್ಟರಲ್ಲಿ ಪುಟ್ಟಿ ಕೆಮ್ಮುತ್ತಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. “ಅಯ್ಯೋ, ಎಂಜಲು ನೆತ್ತಿಗೇರ್ತಾ ಕಂದಾ?” ಎಂದು ನೆತ್ತಿ ತಟ್ಟಿದಳು. ಕೆಮ್ಮು ನಿಂತಿತು. ಮಗು ಏನೂ ಆಗದಂತೆ ಬಾತುಕೋಳಿಯ ಕೊಕ್ಕು ಎಳೆಯತೊಡಗಿತು.

ಕಿವಿಯಮ್ಮ ಚಾಪೆ ನೋಡಿದಳು. ಪೀಪಿಗಳನ್ನೆಲ್ಲ ಗೋರಿ ಡಬ್ಬಿಗೆ ತುಂಬಿದಳು. ಕಿತ್ತಿಟ್ಟ ಪೀಪಿಯೂ ಅದರಲ್ಲೇ ಇತ್ತೋ? ಇದ್ದಿರಬೇಕು. ಎಲ್ಲವೂ ಒಂದೇ ತರ, ಗುರುತು ಹಿಡಿಯುವುದು ಹೇಗೆ? “ಯಾಕತ್ತೆ ಕೆಮ್ತಿದ್ದಿದ್ದು?” ಎಂದು ಸೊಸೆ ಹೊಲಿಗೆ ಯಂತ್ರದ ಮುಂದಿನಿಂದ ಕೂಗಿದಾಗ “ಎಂಜಲು ನೆತ್ತಿಗೇರ್ತು” ಎಂದಳು. ಅದೇ ನಿಜವೆಂದು ತಾನೂ ನಂಬಿದಳು.

ಆಮೇಲೆ ಆ ಸದ್ದು. ಪೀಪಿಗಳಿಂದಲೇ ತುಂಬಿದ ಮನೆಯಲ್ಲಿ ಪೀ ಎಂದರೆ ಯಾರು ತಾನೇ ತಿರುಗಿ ನೋಡುತ್ತಾರೆ? ಮಗನಿಗೂ ಒಂದೆರಡು ಸಲ ಕೇಳಿಸಿತ್ತು. ಮಗುವಿನ ಹಾಸಿಗೆಯಿಂದ ಕರಡಿಯನ್ನು ಎತ್ತಿ ಆಚೆ ಎಸೆದು ಸುಮ್ಮನಾಗಿದ್ದ. ಸೊಸೆ ಹಾಸಿಗೆಯಿಂದ ಒಂದೊಂದೇ ಬೊಂಬೆ ತೆಗೆದಳು, ದಿಂಬು ಕೊಡವಿದಳು, ಕೊನೆಗೆ ಬರಿಯ ಮಗುವೊಂದೇ ಉಳಿಯಿತು. ಸದ್ದು ನಿಲ್ಲಲಿಲ್ಲ. ಆಗಲೇ ಅವಳು ಮಗುವನ್ನೆತ್ತಿಕೊಂಡು ಅತ್ತೆಯ ಮುಂದೆ ಬಂದು ನಿಂತದ್ದು, ಕಿವಿಯಮ್ಮ “ಏನೂ ಇಲ್ಲ” ಎಂದದ್ದು.

ಎಂದಳೇನೋ ಸರಿ. ಆದರೆ ಆ ದಿನವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸದ್ದು ಇದೆಯೋ ಇಲ್ಲವೋ? ಇದ್ದರೆ ತನಗೆ ಕೇಳದು. ಇಲ್ಲದಿದ್ದರೂ ಕೇಳದು. ಎರಡೂ ಒಂದೇ ತರ! ಅಡುಗೆಮನೆಗೆ ಮಗುವನ್ನು ಒಯ್ದು ಅಂಗಿ ಎತ್ತಿ ನೋಡಿದಳು. ಎದೆಯ ಒಂದು ಬದಿ ಸೋತಂತೆ ಏಳುತ್ತಿತ್ತೋ, ಮಗು ವಾಲಿಕೊಂಡು ಕೂತದ್ದಕ್ಕೆ ಹಾಗೆ ಕಂಡಿತೋ? ಹೇಳಿಬಿಡಲೇ? ಏನೆಂದು ಹೇಳುವುದು? ಪೀಪಿ ಕಿತ್ತಿಟ್ಟಿದ್ದೆ ಎಂದರೆ ಯಾಕೆ ಕಿತ್ತಿರಿ ಎನ್ನುತ್ತಾರೆ. ಸದ್ದು ಬರಲಿಲ್ಲ ಎಂದರೆ ಆ ಬಾತುಕೋಳಿಯ ಸದ್ದು ತನಗೆ ಕೇಳಿಸಿತ್ತು ಎಂದು ಸೊಸೆ ಹೇಳಬಹುದು. ಒಂದು ದಾರ ಎಳೆದರೆ ಇಡೀ ಹೊಲಿಗೆಯೇ ಬಿಚ್ಚಿಕೊಳ್ಳುತ್ತದೆ. ಈ ಭಯವೆಲ್ಲ ಕೋಪವಾಗಿ ಸೊಸೆಯ ಮೇಲೆ ಹೋಯಿತು. “ಹಗಲೆಲ್ಲ ಪೀಪಿ ಹೊಲ್ದು ಹೊಲ್ದು ನಿನ್ನ ತಲೆಯೊಳಗೇ ಪೀಪಿ ಸೇರ್ಕೊಂಡಿದೆ! ಕೆಲಸ ತಪ್ಪಿಸೋಕೆ ಮಗು ನೆಪ ಮಾಡ್ಬೇಡ!” ಎಂದು ಕಿರುಚಿದಳು. ಸೊಸೆ ಏನೋ ಗೊಣಗಿದಳು. ಏನೆಂದು ಕಿವಿಯಮ್ಮನಿಗೆ ಕೇಳಿಸಲಿಲ್ಲ, ಕೇಳಿಸಿದವಳಂತೆ ಮುಖ ತಿರುಗಿಸಿದಳು.

ಮರುದಿನ ಬೆಳಗ್ಗೆ ಮಗುವಿನ ಮೈ ಬಿಸಿಯಾಗಿತ್ತು. ಸೊಸೆ ಸಿರಪ್ ಕುಡಿಸಲು ಚಮಚ ತಂದಳು. ಪುಟ್ಟಿ ಬೇಡವೆಂದು ಅಳುತ್ತ, ಕೆಮ್ಮುತ್ತ ಅಜ್ಜಿಯ ಕಡೆಗೆ ಓಡಿಬಂದಳು. ನಡುದಾರಿಯಲ್ಲಿ ನಿಂತುಬಿಟ್ಟಳು. ಬಾಯಿ ತೆರೆದಿತ್ತು. ಕೆಮ್ಮಿಲ್ಲ, ಅಳುವಿಲ್ಲ! ತುಟಿ ನೀಲಿಗೆ ತಿರುಗಿತು, ಎರಡೂ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು...

“ಅಯ್ಯೋ ನನ್ನ ಕಂದಾ!” ಕಿವಿಯಮ್ಮ ಮಗುವನ್ನು ಬಾಚಿ ತಬ್ಬಿಕೊಂಡು ಬಾಯೊಳಗೆ ಬೆರಳು ಹಾಕಹೋದಳು.

“ಬೆರಳು ಹಾಕ್ಬೇಡಿ! ಇನ್ನೂ ಒಳಕ್ಕೆ ಹೋಗುತ್ತೆ! ಕೊಡಿ ಇಲ್ಲಿ!”

ಇಷ್ಟು ವರ್ಷದಲ್ಲಿ ಸೊಸೆ ಅತ್ತೆಯ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ. ಅವತ್ತು ಮಗುವನ್ನು ಕಿತ್ತುಕೊಂಡಳು. ನೆಲಕ್ಕೆ ಕುಸಿದು ಕೂತು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ದವಡೆ ಹಿಡಿದು, ಎರಡು ಹೆಗಲ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆದಳು. ಲಸಿಕೆ ಹಾಕಿಸಲು ಹೋದಾಗ ನರ್ಸ್ ತಾಯಂದಿರನ್ನೆಲ್ಲ ಸಾಲಾಗಿ ಕೂರಿಸಿ ಇದನ್ನು ತೋರಿಸಿಕೊಟ್ಟಿದ್ದಳು. ಮನೆಗೆ ಬಂದು ಸೊಸೆ ಕರಡಿಯ ಬೆನ್ನಿಗೆ ಹೊಡೆದು ತೋರಿಸಿದಾಗ ಅತ್ತೆ ನಕ್ಕಿದ್ದಳು. ಈಗ ಅದೇ ಏಟು. ಒಂದು... ಇನ್ನೊಂದು... ಮತ್ತೊಂದು... ಮಗುವನ್ನು ಮಗುಚಿ ಹೊಟ್ಟೆ ಒತ್ತಬೇಕೇನೋ ಎಂದು ಅವಳು ಕೈ ತಡೆಯುವಷ್ಟರಲ್ಲಿ ಪುಟ್ಟಿ ದೊಡ್ಡದಾಗಿ ಉಸಿರೆಳೆದು ಗೋಳೋ ಎಂದಳು! ಅಷ್ಟು ದೊಡ್ಡ ಅಳು ಕಿವಿಯಮ್ಮನಿಗೂ ಕೇಳಿಸಿತು. ಬಾಯಿಂದ ಮಾತ್ರ ಏನೂ ಬಿದ್ದಿರಲಿಲ್ಲ.

ಮಗ ಬೊಂಬೆಗಳ ಚೀಲಗಳನ್ನೆಲ್ಲ ವ್ಯಾನಿನಿಂದ ಬೀದಿಗೆ ಎಸೆದು ಜಾಗ ಮಾಡಿದ. ದಾರಿಯುದ್ದಕ್ಕೂ ಸೊಸೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಅಳಿಸದೆ, ಮಲಗಿಸದೆ, ಅದರ ತುಟಿಯ ಬಣ್ಣವನ್ನೇ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕಿವಿಯಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಮಗುವಿನ ಮೂಗಿನ ಹತ್ತಿರ ಆಮ್ಲಜನಕದ ನಳಿಗೆ ಹಿಡಿದರು. ಮಕ್ಕಳ ಡಾಕ್ಟರಮ್ಮ ಎದೆಯ ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್-ರೇ ಬಂತು. ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

“ಬಲಗಡೆ ಗಾಳಿ ಸರಿಯಾಗಿ ಆಡ್ತಿಲ್ಲ. ಜ್ವರಾನೂ ಇದೆ. ಬರೀ ಕಫ ಕಟ್ಕೊಂಡಿರಬಹುದು, ನ್ಯುಮೋನಿಯಾ ಇರಬಹುದು. ಇಲ್ಲ, ಏನಾದ್ರೂ ಸಿಕ್ಕಿಹಾಕ್ಕೊಂಡಿರಬಹುದು. ಪ್ಲಾಸ್ಟಿಕ್ಕು, ಕಾಳು ಇಂಥವು ಎಕ್ಸ್-ರೇಲಿ ಕಾಣಲ್ಲ. ಮಗು ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ದನ್ನ ನೋಡಿದ್ರಾ? ಇವತ್ತು ಬೆಳಗ್ಗೆ ಆಗಿದ್ದಕ್ಕೆ ಮುಂಚೆ ಯಾವತ್ತಾದ್ರೂ ಇದ್ದಕ್ಕಿದ್ದ ಹಾಗೆ ಕೆಮ್ಮಿ ಉಸಿರು ಕಟ್ಟಿದ್ದುಂಟಾ?”

“ಒಳಗೆ ಪೀಪಿ ಊದ್ತಿತ್ತು ಡಾಕ್ಟ್ರೇ, ಒಂದು ವಾರದಿಂದ...” ಎಂದಳು ಸೊಸೆ.

“ಈಗ ಆ ಸದ್ದಿಲ್ವಲ್ಲಮ್ಮ. ಒಳಗೆ ಊದ್ಕೊಂಡು ದಾರಿ ಮುಚ್ಚಿದ್ರೆ ಸದ್ದೂ ನಿಲ್ಲುತ್ತೆ. ಆದ್ರೆ ಅದೇ ಅಂತ ಹೇಳೋದು ಹೇಗೆ?”

“ಮನೇಲಿ ಎಲ್ಲಾ ಬೊಂಬೆಗಳೂ ಪೀಪಿ ಊದ್ತವೆ ಡಾಕ್ಟ್ರೇ,” ಮಗ ತಡವರಿಸಿದ. “ಯಾವುದು ಬೊಂಬೆದು, ಯಾವುದು ಮಗೂದು... ನನಗೊಂದೂ ಗೊತ್ತಾಗ್ತಿಲ್ಲ.”

“ಹಾಗಾದ್ರೆ ಎರಡು ದಾರಿ. ಔಷಧಿ ಕೊಟ್ಟು ಕಾದು ನೋಡಬಹುದು. ಅಥವಾ ಮಗೂನ ಪ್ರಜ್ಞೆ ತಪ್ಪಿಸಿ, ಬಾಯಿಂದ ಕೊಳವೆ ಇಳಿಸಿ ಈಗಲೇ ನೋಡಬಹುದು. ನನ್ನ ಮನಸ್ಸು ನೋಡೋದೇ ಒಳ್ಳೇದು ಅನ್ನುತ್ತೆ. ಅದರಲ್ಲೂ ಅಪಾಯ ಇಲ್ಲ ಅನ್ನಲ್ಲ. ಅದಕ್ಕೇ ಕೇಳ್ತಿದ್ದೀನಿ, ನಡೆದದ್ದೇನು ಅಂತ ಯಾರಾದ್ರೂ ಸರಿಯಾಗಿ ಹೇಳಿ.”

ಒಪ್ಪಿಗೆ ಪತ್ರವನ್ನು ಮಗನ ಮುಂದೆ ಇಟ್ಟರು. ಇಷ್ಟು ಚಿಕ್ಕ ಮಗುವಿನ ಪ್ರಜ್ಞೆ ತಪ್ಪಿಸುವುದೇ? ಹೆಂಡತಿ ಹೂಂ ಎನ್ನುತ್ತಿದ್ದಳು, ಸಹಿ ಹಾಕಲು ಅವನ ಕೈ ಏಳುತ್ತಿರಲಿಲ್ಲ. ಅವನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದ. ತಾಯಿಯ ಕಡೆಗೆ ತಿರುಗಿದ.

“ಅಮ್ಮ, ನೀನು ಹೇಳು. ಮಗು ದಿನವೆಲ್ಲ ನಿನ್ನ ಹತ್ರಾನೇ ಇರೋದು. ನಿನ್ನೆ ಎದೆಗೆ ಕಿವಿ ಇಟ್ಟು ಕೇಳ್ದೋಳು ನೀನು. ಏನೂ ಇಲ್ಲ ಅಂದ್ಯಲ್ಲ? ನೀನು ಬೇಡ ಅಂದ್ರೆ ಬೇಡ.”

ಕಿವಿಯಮ್ಮ ಗೋಡೆಗೆ ಒರಗಿದಳು. ಹೌದೋ ಅಲ್ಲವೋ? ಪೀಪಿ ಡಬ್ಬಿ ಸೇರಿತ್ತೋ, ಮಗುವಿನ ಬಾಯಿ ಸೇರಿತ್ತೋ? ಈಗಲೂ ಅವಳಿಗೆ ಗೊತ್ತಿಲ್ಲ! ಗೊತ್ತಿದ್ದದ್ದು ಒಂದೇ. ಆ ದಿನ ತಾನು ನೋಡಿದ್ದನ್ನು ಬಿಟ್ಟರೆ ಈ ಡಾಕ್ಟರಮ್ಮನಿಗೆ ದಾರಿ ತೋರುವವರು ಇನ್ನಾರೂ ಇಲ್ಲ. ಒಂದೇ ಒಂದು ಮಾತು ನುಂಗಿಕೊಂಡರೆ ಕಿವಿಯಮ್ಮ ಕಿವಿಯಮ್ಮನಾಗಿಯೇ ಉಳಿಯುತ್ತಾಳೆ. ಮಗು... ಮಗು ಉಳಿಯುತ್ತದೆಯೋ ಇಲ್ಲವೋ!

“ನನ್ನ ಮಾತು ನಂಬಬೇಡ ಕಣಪ್ಪ” ಎಂದಳು. “ನನಗೆ ಕಿವಿ ಕೇಳಲ್ಲ.”

“ಏನಂದೆ?”

“ಕೇಳಲ್ಲ ಕಣೋ! ಪೀಪಿ ಸದ್ದು ಕೇಳಿ ಎಷ್ಟು ಕಾಲ ಆಯ್ತೋ ನನಗೇ ನೆನಪಿಲ್ಲ. ಪುಟ್ಟಿ ನಗೋದನ್ನ ನೋಡಿ ಬೊಂಬೆ ಪಾಸು ಮಾಡ್ತಿದ್ದೆ. ಅವತ್ತು ಅವಳು ನಗ್ಲಿಲ್ಲ. ಬಾತುಕೋಳಿ ಕೆಟ್ಟಿದೆ ಅಂತ ಬಿಚ್ಚಿ, ಪೀಪಿ ಕಿತ್ತು ಚಾಪೆ ಮೇಲೆ ಇಟ್ಟೆ. ಡಬ್ಬಿ ಕಡೆ ತಿರುಗಿ ಮತ್ತೆ ನೋಡೋಷ್ಟರಲ್ಲಿ ಕೆಮ್ತಿದ್ಲು, ಮುಖ ಕೆಂಪಗಾಗಿತ್ತು... ಆಮೇಲೆ ಸುಮ್ಮನಾದ್ಲು. ಪೀಪಿ ಡಬ್ಬಿಗೆ ಸೇರ್ತೋ ಇಲ್ವೋ ನನಗೆ ಗೊತ್ತಿಲ್ಲ ಡಾಕ್ಟ್ರೇ, ದೇವರಾಣೆ ಗೊತ್ತಿಲ್ಲ! ಕಿವಿ ಹೋಗಿದೆ ಅಂತ ಹೇಳೋಕೆ ನಾಚಿಕೆ ಆಯ್ತು. ಆ ನಾಚಿಕೆಗೆ ನನ್ನ ಕಂದನ್ನ...”

ಡಾಕ್ಟರಮ್ಮ ಬೈಯಲಿಲ್ಲ. “ಇಷ್ಟು ಸಾಕು” ಎಂದರು. “ಕೆಮ್ಮು ನಿಂತ್ರೆ ಸರಿಹೋಯ್ತು ಅಂತ ಎಲ್ಲರೂ ಅಂದ್ಕೊಳ್ತಾರಮ್ಮ. ಸಿಕ್ಕಿದ ವಸ್ತು ಶ್ವಾಸನಾಳದ ಕೆಳಗಿನ ಕವಲಿಗೆ ಇಳಿದ್ರೂ ಕೆಮ್ಮು ನಿಲ್ಲುತ್ತೆ. ಬೆಳಗ್ಗೆ ಅದೇ ಮೇಲಕ್ಕೆ ಬಂದು ಅಡ್ಡ ನಿಂತಿರಬೇಕು.” ಸೊಸೆಯ ಕಡೆ ತಿರುಗಿ, “ಉಸಿರೇ ನಿಂತಿತ್ತಲ್ಲ, ನೀವು ಬೆನ್ನಿಗೆ ಹೊಡೆದದ್ದು ಸರಿ. ಮಗು ಕೆಮ್ತಾ ಅಳ್ತಾ ಇದ್ರೆ ಮಾತ್ರ ಹೊಡೀಬಾರದು, ಕೆಮ್ಮೋಕೆ ಬಿಟ್ಟು ಇಲ್ಲಿಗೆ ತರಬೇಕು” ಎಂದು ಹೇಳಿ, ದಾದಿಯನ್ನು ಕರೆದು ಒಳಗೆ ನಡೆದೇಬಿಟ್ಟರು. ಮಗ ಸಹಿ ಹಾಕಿದ. ತಾಯಿಯ ಮುಖವನ್ನು ನೋಡಲಿಲ್ಲ.

ಬಾಗಿಲು ಮುಚ್ಚಿತು. ಮಗ ಹೊರಗೆ ವ್ಯಾನಿನ ಹತ್ತಿರ ಹೋಗಿ ನಿಂತ. ಬೆಂಚಿನ ಈ ತುದಿಯಲ್ಲಿ ಕಿವಿಯಮ್ಮ, ಆ ತುದಿಯಲ್ಲಿ ಸೊಸೆ. ಬೈಯಲಿ, ಕೂಗಾಡಲಿ, ಕೆನ್ನೆಗೆ ಬೇಕಾದರೂ ಹೊಡೆಯಲಿ ಎಂದು ಕಿವಿಯಮ್ಮ ಕಾದಳು. ಸೊಸೆ ಹತ್ತಿರ ಸರಿದು, ಅತ್ತೆಗೆ ತನ್ನ ಬಾಯಿ ಕಾಣುವಂತೆ ಮುಖ ತಿರುಗಿಸಿ ಕೇಳಿದಳು.

“ನನ್ನ ಹೊಲಿಗೆ ಸರಿಯಾಗೇ ಇತ್ತಾ ಅತ್ತೆ?”

ಇದೊಂದು ಪ್ರಶ್ನೆಯನ್ನು ಕಿವಿಯಮ್ಮ ನಿರೀಕ್ಷಿಸಿರಲಿಲ್ಲ.

“ಸರಿಯಾಗಿತ್ತು ಕಣಮ್ಮ... ಎಲ್ಲಾ ಸರಿಯಾಗೇ ಇತ್ತು.”

ಅಷ್ಟು ಕೇಳಿದ್ದೇ ತಡ, ಮಗು ನೀಲಿಯಾದಾಗಲೂ ಅಳದಿದ್ದ ಸೊಸೆ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಕಿವಿಯಮ್ಮ ಕೈ ಚಾಚಿದಳು, ಮುಟ್ಟುವ ಧೈರ್ಯ ಸಾಲದೆ ಹಿಂದಕ್ಕೆಳೆದುಕೊಂಡಳು.

ಡಾಕ್ಟರಮ್ಮ ಹೊರಗೆ ಬಂದಾಗ ಅವರ ಅಂಗೈಯಲ್ಲಿ ಒಂದು ಪುಟ್ಟ ಬಟ್ಟಲಿತ್ತು. ಅದರೊಳಗೆ ಪೀಪಿ. “ಸಿಕ್ತು. ಬಲಗಡೆ ಕವಲಲ್ಲೇ ಕೂತಿತ್ತು. ಇನ್ನು ಒಂದೆರಡು ದಿನ ಇಲ್ಲೇ ಇರ್ಲಿ, ಜ್ವರ ಇಳೀಲಿ. ಮಗು ಗಟ್ಟಿ ಇದೆ” ಎಂದರು. ಮಗ ಬಟ್ಟಲನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಿವಿಯಮ್ಮ ಅವನ ತಲೆ ಸವರಿದಳು. ಅವನು ತಲೆ ಕೊಡವಲಿಲ್ಲ.

ಸಂಜೆಯ ಹೊತ್ತಿಗೆ ಪುಟ್ಟಿಗೆ ಚೆನ್ನಾಗಿ ಎಚ್ಚರವಾಗಿತ್ತು. ತಾಯಿಯ ಮಡಿಲಲ್ಲಿ ನೆಟ್ಟಗೆ ಕೂತು ಹಾಸಿಗೆಯ ಕಬ್ಬಿಣದ ಕಂಬಿಯನ್ನು ಬಡಿಯುತ್ತಿದ್ದಳು. ಕಿವಿಯಮ್ಮ ವಾರ್ಡಿನ ಬಾಗಿಲಲ್ಲಿ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಸೊಸೆ ತಲೆ ಎತ್ತಿ ಏನೋ ಅಂದಳು. ತುಟಿ ಅಲುಗಿದ್ದು ಕಂಡಿತು, ಮಾತು ತಲುಪಲಿಲ್ಲ. ಎಷ್ಟೋ ತಿಂಗಳಿಂದ ಇಂಥ ಹೊತ್ತಿನಲ್ಲಿ ಕಿವಿಯಮ್ಮ ಹೂಂ ಎಂದು ಗತ್ತಿನಿಂದ ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದಳು. ಇವತ್ತೂ ತಲೆ ಆಡಲು ಹೊರಟಿತ್ತು. ಅವಳು ತಡೆದಳು.

“ನನಗೆ ಕೇಳಿಸ್ಲಿಲ್ಲ ಕಣಮ್ಮ,” ಎಂದಳು. “ಇನ್ನೊಂದು ಸಲ ಹೇಳು.”

ಸೊಸೆ ಒಂದು ಕ್ಷಣ ಅತ್ತೆಯನ್ನೇ ನೋಡಿದಳು. ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು.

“ಮಗೂನ ಸ್ವಲ್ಪ ಹಿಡ್ಕೊಳ್ಳಿ ಅಂದೆ, ಅತ್ತೆ. ಮುಖ ತೊಳ್ಕೊಂಡು ಬರ್ತೀನಿ.”

ಕಿವಿಯಮ್ಮ ಒಳಗೆ ಬಂದು, ಹಾಸಿಗೆಯ ಅಂಚಿನಲ್ಲಿ ಕೂತು, ಎರಡೂ ಕೈ ಚಾಚಿದಳು.